ಸವಾರನಿಲ್ಲದ ಗಾಡಿ

ಬೈಕ್ ಓಡಿಸುವುದನ್ನು ಹೇಳಿಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಅಣ್ಣನೋ ಚಿಕ್ಕಪ್ಪನೋ ಓಣಿಯ ಗೆಳೆಯನೋ ಹಿಂದೆ ಕೂತು, ಕ್ಲಚ್ಚನ್ನು ಹೇಗೆ ಮೆಲ್ಲಗೆ ಬಿಡಬೇಕು, ಹಂಪ್ ಬಂದಾಗ ಯಾವ ಗೇರಿಗೆ ಇಳಿಯಬೇಕು ಎಂದು ತಿದ್ದುತ್ತಾರೆ. ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿ ತೋರಿಸಿದರೆ ಲೈಸೆನ್ಸ್ ಕೈಗೆ ಬರುತ್ತದೆ. ಓಡಿಸುವುದಕ್ಕೆ ಇಷ್ಟು ಪಾಠ, ಪರೀಕ್ಷೆ ಇದ್ದರೆ ನಿಲ್ಲಿಸುವುದಕ್ಕೆ ಇರುವುದು ಒಂದೇ ಮಾತು: ‘ಸ್ವಲ್ಪ ಸೈಡಿಗೆ ಹಾಕು.’ ಆದರೆ ದಿನಕ್ಕೆ ಎರಡು ಗಂಟೆ ಗಾಡಿ ಓಡಿಸುವವರ ಬೈಕ್ ಕೂಡ ಉಳಿದ ಇಪ್ಪತ್ತೆರಡು ಗಂಟೆ ಎಲ್ಲೋ ಒಂದು ಕಡೆ ನಿಂತೇ ಇರುತ್ತದೆ. ಓಡುವ ಗಾಡಿಯ ಮೇಲೆ ಒಬ್ಬ ಮನುಷ್ಯ ಇರುತ್ತಾನೆ. ಎದುರಿಗೆ ಅಜ್ಜಿ ಬಂದರೆ ಬ್ರೇಕ್ ಹಿಡಿಯುತ್ತಾನೆ, ಆಂಬುಲೆನ್ಸ್ ಕೂಗಿದರೆ ಪಕ್ಕಕ್ಕೆ ಸರಿಯುತ್ತಾನೆ, ತಪ್ಪಾದರೆ ಆ ಕ್ಷಣದಲ್ಲೇ ತಿದ್ದಿಕೊಳ್ಳುತ್ತಾನೆ. ನಿಂತ ಗಾಡಿಗೆ ಈ ಯಾವ ಸಾಮರ್ಥ್ಯವೂ ಇಲ್ಲ. ಸವಾರ ಇಳಿದು ಹೋದ ಮೇಲೆ ಅದು ಯಾರಿಗೂ ದಾರಿ ಬಿಡಲಾರದು, ಯಾರು ಬಂದರೆಂದು ನೋಡಲಾರದು, ಬೀಳತೊಡಗಿದರೆ ತನ್ನನ್ನು ತಾನು ಹಿಡಿದುಕೊಳ್ಳಲಾರದು. ಮುಂದಿನ ಎಷ್ಟೋ ಗಂಟೆಗಳಲ್ಲಿ ಅದರ ಪಕ್ಕ ಹಾದುಹೋಗುವ ಎಲ್ಲರ ಬಗ್ಗೆ ಸವಾರ ಇಳಿಯುವ ಆ ಅರ್ಧ ನಿಮಿಷದಲ್ಲೇ ಯೋಚಿಸಿ ಮುಗಿಸಬೇಕು. ಅದಕ್ಕಾಗಿಯೇ ಓಡಿಸುವುದಕ್ಕಿಂತ ನಿಲ್ಲಿಸುವುದಕ್ಕೆ ಹೆಚ್ಚು ಎಚ್ಚರ ಬೇಕು ಎನ್ನುತ್ತೇನೆ. ಕಾನೂನಿಗೆ ಒಪ್ಪುವ ನಿಲುಗಡೆ ಬೇರೆ, ಸುರಕ್ಷಿತ ನಿಲುಗಡೆ ಬೇರೆ ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಮೊದಲನೆಯದು ಪೊಲೀಸರಿಗಾಗಿ, ಎರಡನೆಯದು ನಮಗಾಗಿ ಎಂಬ ಭಾವನೆ ಅದು. ಆದರೆ ಸವಾರ ಹತ್ತಿರ ಇಲ್ಲ ಎಂಬ ಒಂದೇ ಸಂಗತಿಯಿಂದ ಎರಡೂ ಹುಟ್ಟಿವೆ.

ಕಾನೂನನ್ನೇ ತೆಗೆದು ನೋಡೋಣ. ನಮ್ಮ ಮೋಟಾರು ವಾಹನ ಕಾಯ್ದೆ 1988ರದು. ಅದರ 126ನೇ ಸೆಕ್ಷನ್ನಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಂತಿರಬೇಕಾದರೆ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲವಾದರೆ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿಯೋ ಬೇರೆ ಕ್ರಮ ಕೈಗೊಂಡೋ, ಚಾಲಕ ಇಲ್ಲದಾಗ ಅದು ಆಕಸ್ಮಿಕವಾಗಿ ಚಲಿಸದಂತೆ ಮಾಡಿರಬೇಕು. ಮೆಡಿಕಲ್ ಶಾಪಿನ ಮುಂದೆ ಎಂಜಿನ್ ಆಫ್ ಮಾಡದೆ ಸೈಡ್ ಸ್ಟ್ಯಾಂಡ್ ಹಾಕಿ ಒಳಗೆ ಓಡುವ ಅಭ್ಯಾಸ ನಮ್ಮ ಊರುಗಳಲ್ಲಿ ಎಷ್ಟು ಸಾಮಾನ್ಯವೆಂದರೆ, ಅದು ಕಾನೂನು ನೇರವಾಗಿ ನಿಷೇಧಿಸಿದ ಕೆಲಸ ಎಂದರೆ ನಂಬುವವರು ಕಡಿಮೆ. 122ನೇ ಸೆಕ್ಷನ್, ಬೇರೆಯವರಿಗೆ ಅಪಾಯವೋ ಅಡ್ಡಿಯೋ ಅನುಚಿತ ತೊಂದರೆಯೋ ಆಗುವಂತೆ ವಾಹನವನ್ನು ಬಿಟ್ಟುಹೋಗಬಾರದು ಎನ್ನುತ್ತದೆ. 127ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟುಹೋದ ವಾಹನವನ್ನೂ, ನಿಷೇಧವಿರುವ ಕಡೆ ನಿಲ್ಲಿಸಿದ ವಾಹನವನ್ನೂ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎತ್ತಿಸಬಹುದು, ಚಕ್ರಕ್ಕೆ ಲಾಕ್ ಹಾಕಿಸಬಹುದು. ಸಾಗಿಸಿದ ಖರ್ಚು ಮಾಲೀಕನದು. 2019ರ ತಿದ್ದುಪಡಿಯ ನಂತರ 177ನೇ ಸೆಕ್ಷನ್ನಿನ ಸಾಮಾನ್ಯ ದಂಡ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ಏರಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಕೂಡ ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದವರಿಗೆ 5,000 ರೂಪಾಯಿವರೆಗೆ ದಂಡ ಹೇಳುತ್ತದೆ; ಹಳೆಯ ಐಪಿಸಿಯಲ್ಲಿ ಇದೇ ತಪ್ಪಿಗೆ 200 ರೂಪಾಯಿ ಇತ್ತು. ಈ ಸೆಕ್ಷನ್ನುಗಳಲ್ಲಿ ಎಲ್ಲಿಯೂ ವಾಹನದ ಗಾತ್ರದ ಮಾತಿಲ್ಲ. ಲಾರಿಗೆ ಹೇಳಿದ್ದೇ ಸ್ಕೂಟಿಗೂ ಅನ್ವಯ.

ಎಲ್ಲಿ ನಿಲ್ಲಿಸಬಾರದು ಎಂಬ ಪಟ್ಟಿ ಮೊದಲು 1989ರ ರಸ್ತೆ ನಿಯಮಗಳಲ್ಲಿತ್ತು, ಈಗ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿದೆ. ಕೂಡುರಸ್ತೆ, ತಿರುವು, ದಿಬ್ಬದ ನೆತ್ತಿ, ಸೇತುವೆ, ಫುಟ್‌ಪಾತ್, ಜೀಬ್ರಾ ಕ್ರಾಸಿಂಗ್, ಬಸ್ ನಿಲ್ದಾಣ, ಶಾಲೆ–ಆಸ್ಪತ್ರೆಗಳ ಬಾಗಿಲು, ಕಟ್ಟಡಗಳ ಗೇಟು, ಸಂಚಾರ ಫಲಕಗಳ ಮುಂದು, ಈಗಾಗಲೇ ನಿಂತ ವಾಹನದ ಮಗ್ಗುಲು ಎಂದು ಪಟ್ಟಿ ಉದ್ದಕ್ಕೆ ಸಾಗುತ್ತದೆ. ಓದಿದವರಿಗೆ ಬಾಯಿಪಾಠಕ್ಕೆ ಕೊಟ್ಟ ಹಾಗೆ ಕಾಣಬಹುದು. ಆದರೆ ಒಂದೊಂದರ ಹಿಂದೆಯೂ ಯಾರದೋ ಕಣ್ಣು ಅಥವಾ ಯಾರದೋ ಕಾಲು ಇದೆ. ಮೂಲೆಯ ಬೇಕರಿ ಮುಂದೆ ಬೈಕುಗಳ ಸಾಲು ನಿಂತಿದೆ ಎನ್ನಿ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ಬರುವ ಆಟೋದವನು ಬಲಗಡೆಯಿಂದ ಬರುವ ಬಸ್ಸನ್ನು ನೋಡಬೇಕಾದರೆ ಮುಂದಿನ ಚಕ್ರವನ್ನು ರಸ್ತೆಯೊಳಕ್ಕೆ ಚಾಚಲೇಬೇಕು. ಆ ಎರಡು ಅಡಿಯಲ್ಲೇ ಢಿಕ್ಕಿಯಾಗುವುದು. ಬೈಕಿನ ಸೀಟು, ಟ್ಯಾಂಕು, ಕನ್ನಡಿಗಳ ಎತ್ತರ ವಯಸ್ಕರಿಗೆ ಏನೂ ಅಲ್ಲ. ಏಳು ವರ್ಷದ ಮಗುವಿಗೆ ಅದು ಗೋಡೆ. ಜೀಬ್ರಾ ಕ್ರಾಸಿಂಗ್ ಪಕ್ಕ ನಿಂತ ಎರಡು ಬೈಕುಗಳ ನಡುವಿನಿಂದ ಹೊರಬರುವ ಮಗುವನ್ನು ಡ್ರೈವರ್ ನೋಡುವುದು ಅದು ರಸ್ತೆಗೆ ಇಳಿದ ಮೇಲೆ. ದಿಬ್ಬದ ನೆತ್ತಿಯ ಮೇಲೆ ನಿಂತ ಗಾಡಿ, ಏರಿ ಬರುವವರಿಗೆ ಕಾಣುವುದು ಕೊನೆಯ ಗಳಿಗೆಯಲ್ಲಿ. ಬೋರ್ಡ್ ಇದೆಯೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಈ ಜಾಗಗಳಲ್ಲಿ ಬೋರ್ಡ್ ಇಲ್ಲದಿದ್ದರೂ ನಿಷೇಧವಿದೆ. (ಬೋರ್ಡುಗಳನ್ನೂ ಸರಿಯಾಗಿ ಓದುವುದು ಒಳ್ಳೆಯದು: ನೀಲಿ ವೃತ್ತದಲ್ಲಿ ಒಂದೇ ಕೆಂಪು ಅಡ್ಡಗೆರೆ ಇದ್ದರೆ ಪಾರ್ಕಿಂಗ್ ಇಲ್ಲ, ಎರಡು ಗೆರೆಗಳು ಕತ್ತರಿಸಿಕೊಂಡಿದ್ದರೆ ನಿಲ್ಲುವುದೇ ಇಲ್ಲ. ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ ಎಂದಿರುವ ಬೀದಿಗಳಲ್ಲಿ ನಿನ್ನೆ ನಿಲ್ಲಿಸಿದ ಕಡೆಯೇ ಇಂದು ನಿಲ್ಲಿಸಿದರೆ ತಪ್ಪಾಗುತ್ತದೆ.)

ಈ ಪಟ್ಟಿಯಲ್ಲಿ ನನ್ನನ್ನು ಅತಿಯಾಗಿ ಕಾಡುವುದು ಫುಟ್‌ಪಾತ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ನಮ್ಮ ರಸ್ತೆಗಳ ಅಳತೆಗಳನ್ನು ಗೊತ್ತುಮಾಡುತ್ತದೆ. ನಡೆಯಲು ಬಿಡಬೇಕಾದ ಅಡ್ಡಿಯಿಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು ಎಂದು ಅದು ಹೇಳುತ್ತದೆ. ನಮ್ಮ ರಸ್ತೆಯ ಸಾಮಾನ್ಯ 100 ಸಿಸಿ ಬೈಕ್ ಸುಮಾರು 2 ಮೀಟರ್ ಉದ್ದ, ಹ್ಯಾಂಡಲ್ ಬಳಿ ಸುಮಾರು 70 ಸೆಂಟಿಮೀಟರ್ ಅಗಲ. ಅದನ್ನು ಫುಟ್‌ಪಾತಿಗೆ ಅಡ್ಡವಾಗಿ ನಿಲ್ಲಿಸಿದರೆ ಇಡೀ ದಾರಿ ಮುಚ್ಚುತ್ತದೆ. ‘ಉದ್ದಕ್ಕೆ ನಿಲ್ಲಿಸಿದ್ದೇನಲ್ಲ, ಪಕ್ಕದಲ್ಲಿ ಜಾಗ ಇದೆಯಲ್ಲ’ ಎಂದರೆ, ಸ್ಟ್ಯಾಂಡಿನ ಮೇಲೆ ವಾಲಿದಾಗ ಅದು ಇನ್ನಷ್ಟು ಜಾಗ ತಿನ್ನುತ್ತದೆ. ಉಳಿದ ಒಂದು ಮೀಟರಿನಲ್ಲಿ ಮರದ ಬುಡ, ವಿದ್ಯುತ್ ಕಂಬ, ಅಂಗಡಿಯ ಬೋರ್ಡು ಎಲ್ಲವೂ ಇರುತ್ತವೆ. ಗಾಲಿಕುರ್ಚಿ ಸಲೀಸಾಗಿ ಹೋಗಲು 90 ಸೆಂಟಿಮೀಟರಾದರೂ ಬೇಕು. ಹೊಸ ಫುಟ್‌ಪಾತುಗಳ ನಡುವೆ ಹಳದಿ ಟೈಲ್ಸ್ ಹಾಕಿರುವುದನ್ನು ನೋಡಿರುತ್ತೀರಿ. ಉದ್ದುದ್ದ ಏಣುಗಳಿದ್ದರೆ ಮುಂದೆ ನಡೆ ಎಂದರ್ಥ, ಗುಂಡು ಗುಂಡಾದ ಉಬ್ಬುಗಳಿದ್ದರೆ ನಿಲ್ಲು, ಮುಂದೆ ರಸ್ತೆಯೋ ತಿರುವೋ ಇದೆ ಎಂದರ್ಥ. ಕಣ್ಣು ಕಾಣದವರು ಅಂಗಾಲಿನಿಂದ, ಬಿಳಿ ಕೋಲಿನ ತುದಿಯಿಂದ ಅದನ್ನು ಓದಿಕೊಂಡು ನಡೆಯುತ್ತಾರೆ. ಏಣುಗಳು ಮುಂದೆ ನಡೆ ಎನ್ನುತ್ತಿರುವಾಗಲೇ ಕೋಲು ಸ್ಪೋಕ್ಸಿಗೆ ಸಿಕ್ಕಿಕೊಂಡರೆ, ಬ್ರೇಕ್ ಲಿವರ್ ಎದೆಗೆ ತಾಗಿದರೆ, ಅವರು ಇನ್ನು ಯಾವುದನ್ನು ನಂಬಿ ಕಾಲಿಡಬೇಕು? ಉಳಿದವರು ಫುಟ್‌ಪಾತ್ ಇಳಿದು ರಸ್ತೆಯಲ್ಲಿ ನಡೆಯುತ್ತಾರೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಜನ ಪಾದಚಾರಿಗಳು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅಂದರೆ ದಿನಕ್ಕೆ ಸುಮಾರು 90 ಮಂದಿ. ಇವರೆಲ್ಲ ಫುಟ್‌ಪಾತಿನ ಬೈಕಿನಿಂದ ಸತ್ತರೆಂದು ನಾನು ಹೇಳುತ್ತಿಲ್ಲ. ಎಷ್ಟೋ ಕಡೆ ಫುಟ್‌ಪಾತೇ ಇಲ್ಲ. ಆದರೆ ಇರುವ ಕಡೆಯೂ ನಡೆಯುವವರನ್ನು ಓಡುವ ಚಕ್ರಗಳ ನಡುವೆ ದಬ್ಬುವ ಕೆಲಸದಲ್ಲಿ ನಮ್ಮ ಗಾಡಿಗೂ ಪಾಲಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಪಾದಚಾರಿಗಳ ಹಕ್ಕು ಸಂವಿಧಾನದ 21ನೇ ವಿಧಿಯ, ಎಂದರೆ ಬದುಕುವ ಹಕ್ಕಿನ, ಭಾಗವೇ ಎಂದು ಹೇಳಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಅದಕ್ಕೆ ಮೊದಲು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು.

ಬೈಕುಗಳನ್ನು ಫುಟ್‌ಪಾತಿನಿಂದ ದೂರವಿಡಲು ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಮರುನಿರ್ಮಿಸಿದ ರಸ್ತೆಗಳಲ್ಲಿ ಅಡ್ಡಗಂಬಗಳನ್ನು ನೆಟ್ಟರು. ಬೇರೆ ಊರುಗಳಲ್ಲೂ ಇದೇ ಉಪಾಯ ನಡೆಯುತ್ತಿದೆ. ಇದರ ಅಳತೆಯನ್ನು ಒಮ್ಮೆ ಯೋಚಿಸಿ. 70 ಸೆಂಟಿಮೀಟರ್ ಅಗಲದ ಬೈಕು ತೂರದಂತೆ ಕಂಬಗಳನ್ನು ಹತ್ತಿರ ಹತ್ತಿರ ನೆಟ್ಟರೆ 90 ಸೆಂಟಿಮೀಟರ್ ಬೇಕಾದ ಗಾಲಿಕುರ್ಚಿಯೂ ತೂರುವುದಿಲ್ಲ. ಗಾಲಿಕುರ್ಚಿಗೆ ದಾರಿ ಬಿಟ್ಟರೆ ಬೈಕಿಗೂ ದಾರಿ ಬಿಟ್ಟಂತೆಯೇ. ಯಾವ ಎಂಜಿನಿಯರೂ ಈ ಲೆಕ್ಕವನ್ನು ಬಿಡಿಸಲಾರ. ಕಾರನ್ನು ತಡೆಯಲು ಒಂದು ಎತ್ತರದ ಕಲ್ಲು ಸಾಕು; ಬೈಕನ್ನು ತಡೆಯಬೇಕಾದರೆ ಅದರ ಜೊತೆಗೆ ಮಗುವಿನ ತಳ್ಳುಗಾಡಿಯನ್ನೂ, ವಾಕರ್ ಹಿಡಿದ ಹಿರಿಯರನ್ನೂ, ಗಾಲಿಕುರ್ಚಿಯವರನ್ನೂ ತಡೆಯಬೇಕಾಗುತ್ತದೆ. ಹಾಗಾಗಿ, ಬೈಕ್ ಚಿಕ್ಕದು, ಅದಕ್ಕೆ ಇಷ್ಟೊಂದು ನಿಯಮ ಯಾಕೆ ಎನ್ನುವವರ ವಾದವನ್ನು ನಾನು ತಿರುಗಿಸಿ ಹೇಳುತ್ತೇನೆ. ಎಲ್ಲಿ ಬೇಕಾದರೂ ತೂರಬಲ್ಲ ವಾಹನವನ್ನು ಹೊರಗಿನಿಂದ ತಡೆಯುವುದು ಸಾಧ್ಯವಿಲ್ಲದ್ದರಿಂದಲೇ ಅದರ ಸವಾರ ತನ್ನನ್ನು ತಾನು ತಡೆದುಕೊಳ್ಳಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ದೊಡ್ಡದು, ಪ್ರಾಮಾಣಿಕವಾದದ್ದು: ಜಾಗ ಎಲ್ಲಿದೆ? ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಸುಮಾರು ಮೂರನೇ ಎರಡು ಪಾಲು ದ್ವಿಚಕ್ರ ವಾಹನಗಳು. ಚಿಕ್ಕಪೇಟೆ, ಅವೆನ್ಯೂ ರಸ್ತೆಯಂಥ ಬೀದಿಗಳು ಹುಟ್ಟಿದ್ದು ಎತ್ತಿನ ಗಾಡಿ, ತಲೆಹೊರೆಗಳ ಕಾಲದಲ್ಲಿ. ಹುಬ್ಬಳ್ಳಿಯ ದುರ್ಗದಬೈಲು, ಮಂಗಳೂರಿನ ಹಂಪನಕಟ್ಟೆಗಳ ಕಥೆಯೂ ಬೇರೆಯಲ್ಲ. ಜಾಗ ಇಲ್ಲದಿರುವುದು ಸವಾರನ ತಪ್ಪಲ್ಲ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಇನ್ನೂ ಮುಂದೆ ಹೋಗಿ ಹೇಳುವುದಾದರೆ, ಇದ್ದ ಜಾಗವನ್ನು ಹಂಚಿದ ರೀತಿಯೇ ಅನ್ಯಾಯದ್ದು. ಒಂದು ಕಾರಿಗೆ ಗುರುತು ಹಾಕುವ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಚೌಕದಲ್ಲಿ ನಾಲ್ಕೈದು ಬೈಕುಗಳು ನಿಲ್ಲುತ್ತವೆ. ಮಾರುಕಟ್ಟೆ ಬೀದಿಯ ಉದ್ದಕ್ಕೂ ಕಾರುಗಳ ಗುರುತು ಹಾಕಿ, ಬೈಕುಗಳಿಗೆ ಮೂಲೆಯಲ್ಲಿ ಒಂದಿಷ್ಟು ಬಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿಲುಗಡೆ ಸ್ಥಳಗಳನ್ನು ಗೊತ್ತುಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ನಗರದ ನೆಲಕ್ಕೆ ಬೆಲೆ ಇದೆ, ನಿಲುಗಡೆ ಶುಲ್ಕದಲ್ಲಿ ಅದು ಕಾಣಬೇಕು ಎಂದಿತು. ಬೆಂಗಳೂರಿಗೆ 2021ರಲ್ಲಿ ಎರಡನೆಯ ಪಾರ್ಕಿಂಗ್ ನೀತಿಗೆ ಒಪ್ಪಿಗೆಯೂ ಸಿಕ್ಕಿದೆ. 2024ರಲ್ಲಿ ಫ್ರೀಡಂ ಪಾರ್ಕ್ ಬಳಿ ತೆರೆದ ಬಹುಮಹಡಿ ಕಟ್ಟಡದಲ್ಲಿ ಐನೂರಕ್ಕೂ ಹೆಚ್ಚು ಕಾರುಗಳ ಜೊತೆಗೆ ನಾನೂರಕ್ಕೂ ಹೆಚ್ಚು ದ್ವಿಚಕ್ರ ವಾಹನಗಳಿಗೆ ಜಾಗವಿದೆ. ಇಂಥವು ಇನ್ನೂ ಬೇಕು. ಆದರೆ ಪಾಲಿಕೆ ಕೊಡಬೇಕಾದ ಜಾಗವನ್ನು ಪಾಲಿಕೆಯಿಂದ ಕೇಳಬೇಕೇ ಹೊರತು ನಡೆಯುವವರಿಂದ ಕಿತ್ತುಕೊಳ್ಳುವುದಲ್ಲ. ಫುಟ್‌ಪಾತಿನ ಮೇಲೆ ನಾವು ನಿಲ್ಲಿಸುತ್ತಿರುವ ತನಕ ಪಾಲಿಕೆಯ ಕಣ್ಣಿಗೆ ಕೊರತೆಯೇ ಕಾಣುವುದಿಲ್ಲ. ಎಲ್ಲ ಗಾಡಿಗಳೂ ಹೇಗೋ ಎಲ್ಲೋ ನಿಂತುಕೊಂಡಿವೆಯಲ್ಲ ಎಂದು ಸುಮ್ಮನಾಗುತ್ತದೆ. ಅಂಗಡಿ ಬೀದಿಗಳಲ್ಲಿ ಇನ್ನೊಂದನ್ನೂ ನೋಡಬೇಕು: ಬೆಳಗ್ಗೆ ಬಾಗಿಲು ತೆಗೆಯುವವರು, ಕೆಲಸಕ್ಕೆ ಬರುವವರು ತಮ್ಮ ಗಾಡಿಗಳನ್ನೇ ಅಂಗಡಿ ಮುಂದೆ ರಾತ್ರಿವರೆಗೆ ಬಿಟ್ಟರೆ ಹತ್ತು ನಿಮಿಷಕ್ಕೆ ಬರುವ ಗಿರಾಕಿ ಎಲ್ಲಿ ನಿಲ್ಲಿಸಬೇಕು? ದಿನವಿಡೀ ನಿಲ್ಲುವ ಗಾಡಿಗಳು ಇನ್ನೂರು ಮುನ್ನೂರು ಮೀಟರ್ ದೂರ ಹೋದರೆ ಎಷ್ಟೋ ಬೀದಿಗಳು ಉಸಿರಾಡುತ್ತವೆ.

ಎರಡನೆಯ ಆಕ್ಷೇಪ ‘ಎರಡೇ ನಿಮಿಷ’ ಎಂಬುದು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಎರಡೇ ನಿಮಿಷದ ಕೆಲಸ ಇರಬಹುದು. ಆದರೆ ಆ ಎರಡು ನಿಮಿಷ ಗೊತ್ತಿರುವುದು ಅವರೊಬ್ಬರಿಗೆ. ಗೇಟಿನೊಳಗೆ ಹೆರಿಗೆ ನೋವಿನಲ್ಲಿರುವ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡ ತಂದೆಗೆ ಎದುರಿಗೆ ಕಾಣುವುದು ಹ್ಯಾಂಡಲ್ ಲಾಕ್ ಆದ ಬೈಕು ಮಾತ್ರ. ಅದರ ಯಜಮಾನ ಎಟಿಎಮ್ಮಿನಲ್ಲಿದ್ದಾನೋ ಸಿನಿಮಾಕ್ಕೆ ಹೋಗಿದ್ದಾನೋ ಅವರಿಗೆ ತಿಳಿಯುವ ದಾರಿಯಿಲ್ಲ. ಬೀದಿಯ ಕಡೆಯಿಂದ ನೋಡಿದರೆ ಈ ಎರಡು ನಿಮಿಷ ಮುಗಿಯುವುದೂ ಇಲ್ಲ. ಒಬ್ಬರು ತೆಗೆದ ಕೂಡಲೇ ಇನ್ನೊಬ್ಬರು ತಮ್ಮ ಎರಡು ನಿಮಿಷವನ್ನು ಅಲ್ಲಿಟ್ಟು ಹೋಗುತ್ತಾರೆ. ಯಾರೊಬ್ಬರೂ ಹೆಚ್ಚು ಹೊತ್ತು ನಿಲ್ಲಿಸದ ಜಾಗ ಬೆಳಗ್ಗೆಯಿಂದ ರಾತ್ರಿವರೆಗೆ ಮುಚ್ಚಿಯೇ ಇರುತ್ತದೆ. ಎಲ್ಲರೂ ನಿಲ್ಲಿಸುತ್ತಾರಲ್ಲ ಎಂಬ ಮಾತಿಗೂ ಉತ್ತರ ಇದರಲ್ಲೇ ಇದೆ: ಖಾಲಿ ಫುಟ್‌ಪಾತಿನ ಮೇಲೆ ಮೊದಲ ಬೈಕ್ ಹತ್ತಿಸಲು ಅಳುಕುವವರು ಎರಡನೆಯದನ್ನು ಅಳುಕದೆ ನಿಲ್ಲಿಸುತ್ತಾರೆ. ಮೊದಲನೆಯವರು ನಾವಾಗದಿದ್ದರೆ ಎರಡನೆಯವರಿಗೆ ಧೈರ್ಯ ಬರುವುದಿಲ್ಲ.

ಬೈಕ್ ಬಡವರ ವಾಹನ, ಕಾರಿನವರನ್ನು ಬಿಟ್ಟು ಇವರನ್ನೇ ಯಾಕೆ ಹಿಡಿಯುತ್ತೀರಿ ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. ಮನೆ ಮನೆಗೆ ಊಟ ತಲುಪಿಸುವ ಹುಡುಗರು ಹೋಟೆಲಿನ ಮುಂದೆ ಗಾಡಿ ನಿಲ್ಲಿಸದೆ ದುಡಿಯುವುದು ಹೇಗೆ? ಅವರಿಗೆ ಜಾಗ ಒದಗಿಸುವ ಹೊಣೆ ಅವರ ಕಂಪನಿಯದು, ಹೋಟೆಲಿನದು, ಪಾಲಿಕೆಯದು. ಆ ಹೊಣೆಯನ್ನು ಇವರ ತಲೆಯ ಮೇಲೆ ದಂಡವಾಗಿ ಹೊರಿಸುವುದು ಅನ್ಯಾಯ. ಆದರೆ ಬಡತನದ ಲೆಕ್ಕವನ್ನೇ ಹಿಡಿದರೆ ಬೈಕಿಗಿಂತ ಕೆಳಗೆ ಇನ್ನೂ ಒಂದು ಮೆಟ್ಟಿಲಿದೆ. ಬೈಕೂ ಇಲ್ಲದವರು, ಬಸ್ಸಿಳಿದು ನಡೆಯುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮನೆಗೆಲಸದವರು, ಶಾಲೆಯ ಮಕ್ಕಳು ಆ ಮೆಟ್ಟಿಲಿನ ಮೇಲಿದ್ದಾರೆ. ಬಡವರ ಪರ ಮಾತಾಡುವವರು ಅವರನ್ನು ಮರೆಯಬಾರದು.

ಹಾಗಾದರೆ ಪೊಲೀಸರು ಎತ್ತಿಕೊಂಡು ಹೋದರೆ ಎಲ್ಲ ಸರಿಯಾಗುತ್ತದೆಯೇ? ಬೆಂಗಳೂರು ಅದನ್ನು ಮಾಡಿ ನೋಡಿದೆ. ಟೋಯಿಂಗ್ ಸಿಬ್ಬಂದಿ ಬೈಕುಗಳನ್ನು ಎತ್ತುವ ರೀತಿ, ಜನರೊಡನೆ ನಡೆದುಕೊಳ್ಳುವ ರೀತಿಯ ಬಗ್ಗೆ ಆಕ್ರೋಶ ಹೆಚ್ಚಿ 2022ರ ಫೆಬ್ರವರಿಯಲ್ಲಿ ಸರ್ಕಾರ ಟೋಯಿಂಗನ್ನು ನಿಲ್ಲಿಸಬೇಕಾಯಿತು. ಬೋರ್ಡೇ ಕಾಣದ ಕಡೆ ಗಾಡಿ ಎತ್ತಿದರೆ, ಎತ್ತುವಾಗ ಕನ್ನಡಿ ಮುರಿದರೆ, ಒಂದು ಬೀದಿಯಲ್ಲಿ ಎತ್ತಿ ಪಕ್ಕದ ಬೀದಿಯಲ್ಲಿ ಎತ್ತದೆ ಸುಮ್ಮನಿದ್ದರೆ ಜನ ಸಿಟ್ಟಾಗುವುದು ಸಹಜ. ಗುರುತು ಹಾಕದೆ ದಂಡ ಹಾಕುವ ಆಡಳಿತಕ್ಕೆ ನೈತಿಕ ಬಲ ಇರುವುದಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಟೋಯಿಂಗ್ ನಿಂತಿತೆಂದು ಜೀಬ್ರಾ ಕ್ರಾಸಿಂಗ್ ಪಕ್ಕದ ಮಗುವಿನ ಎತ್ತರ ಬೆಳೆಯಲಿಲ್ಲ.

ಇನ್ನು ಗಾಡಿ ಬೀಳದಂತೆ, ಉರುಳದಂತೆ ನಿಲ್ಲಿಸುವುದು. ಸೈಡ್ ಸ್ಟ್ಯಾಂಡ್ ಹಾಕಿದ ಬೈಕು ಮುಕ್ಕಾಲಿಯ ಹಾಗೆ ಮೂರು ಕಡೆ ನೆಲ ಮುಟ್ಟಿರುತ್ತದೆ: ಎರಡು ಚಕ್ರ, ಎಡಗಡೆಯ ಸ್ಟ್ಯಾಂಡಿನ ಪಾದ. ಸ್ಟ್ಯಾಂಡಿನ ಕಡೆ ನೆಲ ತಗ್ಗಾಗಿದ್ದರೆ ಬೈಕ್ ಅತಿಯಾಗಿ ವಾಲುತ್ತದೆ. ಎತ್ತರವಾಗಿದ್ದರೆ ನೆಟ್ಟಗಾಗಿ, ಯಾರೋ ತಾಗಿದೊಡನೆ ಬಲಕ್ಕೆ ಉರುಳುತ್ತದೆ. ಸ್ಟ್ಯಾಂಡ್ ಮಡಚಿಕೊಳ್ಳುವುದು ಹಿಂದಕ್ಕೆ. ಆದ್ದರಿಂದ ಬೈಕ್ ಒಂದಿಷ್ಟು ಮುಂದಕ್ಕೆ ಜರುಗಿದರೂ ಸ್ಟ್ಯಾಂಡ್ ತಾನೇ ಮಡಚಿ ಗಾಡಿ ಮಲಗುತ್ತದೆ. ಮಡಿಕೇರಿಯಂಥ ಊರಿನ ಇಳಿಜಾರಿನಲ್ಲಿ ಮುಖವನ್ನು ಇಳಿತದ ಕಡೆ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಬೀಳುವುದು ಇದರಿಂದಲೇ. ಮುಖ ಏರಿನ ಕಡೆ ಇರಬೇಕು, ಎಂಜಿನ್ ಆಫ್ ಮಾಡಿದ ಮೇಲೆ ಮೊದಲ ಗೇರಿಗೆ ಹಾಕಿರಬೇಕು. ಆಗ ಹಿಂದಿನ ಚಕ್ರವನ್ನು ಎಂಜಿನ್ನೇ ಹಿಡಿದಿರುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಈ ಹಿಡಿತ ಸಿಗುವುದಿಲ್ಲ, ಎಲೆಕ್ಟ್ರಿಕ್ ಸ್ಕೂಟರಿನಲ್ಲಂತೂ ಎಂಜಿನ್ನೇ ಇಲ್ಲ. ಅವುಗಳಿಗೆ ಡಬಲ್ ಸ್ಟ್ಯಾಂಡೇ ಗತಿ. ಬ್ರೇಕ್ ಲಿವರಿಗೆ ಲಾಕ್ ಇದ್ದರೆ ಅದನ್ನೂ ಹಾಕಬೇಕು. ಸಮತಟ್ಟು ಎಂದು ಕಾಣುವ ರಸ್ತೆಯೂ ಪೂರ್ತಿ ಸಮತಟ್ಟಲ್ಲ. ಮಳೆನೀರು ಹರಿಯಲೆಂದು ನಡುವೆ ಉಬ್ಬಿಸಿ ಅಂಚಿಗೆ ಇಳಿಸಿರುತ್ತಾರೆ. ಗುರುತು ಹಾಕಿದ ಸಾಲಿನಲ್ಲಿ ಬೈಕನ್ನು ಹಿಮ್ಮುಖವಾಗಿ ತಂದು, ಹಿಂದಿನ ಟೈರ್ ಫುಟ್‌ಪಾತಿನ ಅಂಚುಗಲ್ಲಿನ ಕಡೆ, ಮುಖ ರಸ್ತೆಯ ಕಡೆ ಇರುವಂತೆ ನಿಲ್ಲಿಸುವುದು ಲೇಸು ಎನ್ನುವುದು ಇದಕ್ಕೇ. ಮುಂಭಾಗ ತುಸು ಎತ್ತರದಲ್ಲಿರುವುದರಿಂದ ಗಾಡಿ ಮುಂದಕ್ಕೆ ಜರುಗುವುದಿಲ್ಲ, ಸ್ಟ್ಯಾಂಡ್ ಮಡಚುವುದಿಲ್ಲ. ಹೊರಡುವಾಗ ಬರುವ ವಾಹನಗಳು ಎದುರಿಗೇ ಕಾಣುತ್ತವೆ. ಬೆನ್ನು ಹಾಕಿಕೊಂಡು ರಸ್ತೆಗೆ ತಳ್ಳುವ ಅಪಾಯ ತಪ್ಪುತ್ತದೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಲಾಕ್ ಮಾಡಿದರೆ ಬೈಕಿಗೆ ಇನ್ನಷ್ಟು ನೆಲೆ ಸಿಗುತ್ತದೆ. ಗಾಡಿ ಗಟ್ಟಿಯಾಗಿ ನಿಂತಿದೆಯೋ ಎಂದು ಬಿಟ್ಟುಹೋಗುವ ಮುನ್ನ ಸೀಟಿನ ಮೇಲೆ ಕೈಯಿಟ್ಟು ಒಮ್ಮೆ ಅಲುಗಿಸಿ ನೋಡುವುದಕ್ಕೆ ಎಷ್ಟು ಹೊತ್ತು ಬೇಕು? ಒತ್ತಾಗಿ ನಿಂತ ಸಾಲಿನಲ್ಲಿ ಒಂದು ಬಿದ್ದರೆ ಹತ್ತು ಬೀಳುತ್ತವೆ. ನೂರು ಕಿಲೋ ದಾಟಿದ ಕಬ್ಬಿಣ ಪಕ್ಕದಲ್ಲಿ ನಿಂತ ಮಗುವಿನ ಕಾಲಿನ ಮೇಲೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ನೆಲವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಕಲಬುರಗಿ, ರಾಯಚೂರುಗಳ ಏಪ್ರಿಲ್–ಮೇ ಬಿಸಿಲಿನಲ್ಲಿ, ತಾಪಮಾನ 40 ಡಿಗ್ರಿ ದಾಟಿದ ಮಧ್ಯಾಹ್ನ, ಡಾಂಬರು ಮೆತ್ತಗಾಗುತ್ತದೆ. ಸ್ಟ್ಯಾಂಡಿನ ಸಣ್ಣ ಪಾದ ನಿಧಾನಕ್ಕೆ ಅದರೊಳಗೆ ಇಳಿದು ಬೈಕು ವಾಲುತ್ತಾ ಹೋಗುತ್ತದೆ. ಮಲೆನಾಡಿನ ಜುಲೈ ತಿಂಗಳ ಕೆಸರಿನಲ್ಲೂ ಹೀಗೇ. ಅಂಗೈಯಗಲದ ಚಪ್ಪಟೆ ಕಲ್ಲೋ ಮರದ ತುಂಡೋ ಸ್ಟ್ಯಾಂಡಿನ ಕೆಳಗಿಟ್ಟರೆ ಎರಡಕ್ಕೂ ಪರಿಹಾರ. ಮುಂಗಾರುಪೂರ್ವ ಗಾಳಿಮಳೆಯ ದಿನಗಳಲ್ಲಿ ಬೆಂಗಳೂರಿನ ಗುಲ್‌ಮೊಹರ್, ಮಳೆಮರಗಳ ಕೊಂಬೆಗಳು ಮುರಿದು ಬೀಳುತ್ತವೆ. ನೆರಳಿನ ಆಸೆಗೆ ಒಣಕೊಂಬೆಯ ಕೆಳಗೆ ನಿಲ್ಲಿಸುವುದು ಬೇಡ. ಈಗಷ್ಟೇ ಓಡಿಬಂದ ಗಾಡಿಯ ಸೈಲೆನ್ಸರ್ ಚರ್ಮ ಸುಡುವಷ್ಟು ಕಾದಿರುತ್ತದೆ. ಅದು ಸಾಮಾನ್ಯವಾಗಿ ಬಲಗಡೆ ಇರುವುದರಿಂದ ಆ ಬದಿ ಜನ ಓಡಾಡುವ ಕಡೆಗೆ ಬಾರದಂತೆ ನೋಡಿಕೊಂಡರೆ ಎಷ್ಟೋ ಮಕ್ಕಳ ಕಾಲಿನ ಮೇಲೆ ಕಲೆ ಉಳಿಯುವುದಿಲ್ಲ. ಕಾದ ಸೈಲೆನ್ಸರ್ ಕೆಳಗೆ ಒಣ ಎಲೆ, ಹುಲ್ಲು ಇರಬಾರದು. ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲ ಬುಡ, ಅಗ್ನಿಶಾಮಕ ಪೈಪುಗಳ ಮುಂದು, ಮೀಟರ್ ಬೋರ್ಡಿನ ಪಕ್ಕ ಸ್ಕೂಟರ್‌ಗಳನ್ನು ತುರುಕುವ ರೂಢಿ ಎಷ್ಟು ಅಪಾಯಕಾರಿ ಎಂಬುದನ್ನು ನಿವಾಸಿಗಳ ಸಂಘಗಳು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಬೆಂಕಿ ಬಿದ್ದ ರಾತ್ರಿ ಕೆಳಗೆ ಓಡಿ ಬರುವವರಿಗೆ ಇರುವುದು ಆ ಮೆಟ್ಟಿಲಿನ ದಾರಿಯೊಂದೇ.

ಕಳ್ಳತನದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬೆಳಕಿರುವ, ಜನ ಓಡಾಡುವ, ಕ್ಯಾಮೆರಾ ಇರುವ ಕಡೆ ನಿಲ್ಲಿಸಿ, ಹ್ಯಾಂಡಲ್ ಲಾಕ್ ಮಾಡಿ, ರಾತ್ರಿಯಾದರೆ ಚಕ್ರಕ್ಕೂ ಒಂದು ಲಾಕ್ ಹಾಕಿದರೆ ಕಳ್ಳ ಸುಲಭದ ಗಾಡಿ ಹುಡುಕಿಕೊಂಡು ಮುಂದೆ ಹೋಗುತ್ತಾನೆ. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯಲ್ಲಿ ಕಳ್ಳತನದ ಪರಿಹಾರ ಇಲ್ಲ ಎಂಬುದು ಅನೇಕರಿಗೆ ಗೊತ್ತಾಗುವುದು ಗಾಡಿ ಹೋದ ಮೇಲೆ. ಪೂರ್ಣ ವಿಮೆ ಇದ್ದವರೂ ಕೀ ಗಾಡಿಯಲ್ಲೇ ಬಿಟ್ಟಿದ್ದರೆ ನಿರ್ಲಕ್ಷ್ಯದ ತಕರಾರು ಎದುರಿಸಬೇಕಾಗುತ್ತದೆ.

ಎಲ್ಲವನ್ನೂ ಸರಿಯಾಗಿ ಮಾಡುವವರಿಗೂ ನಮ್ಮ ಊರುಗಳು ಇನ್ನೂ ಅನುಕೂಲ ಮಾಡಿಕೊಟ್ಟಿಲ್ಲ. ಬೈಕುಗಳಿಗೆಂದೇ ಬಿಳಿ ಗೆರೆ ಎಳೆದ ಸಾಲು, ಅಗತ್ಯವಿರುವ ಕಡೆ ಕಾಣುವಂಥ ಬೋರ್ಡು, ದಿನವಿಡೀ ನಿಲ್ಲಿಸುವವರಿಗೆ ಕಡಿಮೆ ಶುಲ್ಕದ ಒಂದು ಜಾಗ, ಇಷ್ಟನ್ನು ಮಾಡಲು ದೊಡ್ಡ ಯೋಜನೆಗಳೇನೂ ಬೇಕಿಲ್ಲ; ಎಷ್ಟೋ ಬೀದಿಗಳಲ್ಲಿ ಎರಡು ಮೂರು ಕಾರುಗಳ ಗುರುತು ಅಳಿಸಿ ಬೈಕುಗಳ ಗುರುತು ಬರೆದರೆ ಸಾಕು. ನಿಮ್ಮ ಬಡಾವಣೆಯ ಮಾರುಕಟ್ಟೆ ಬೀದಿಯಲ್ಲಿ ಇಂಥ ಸಾಲು ಎಲ್ಲಿ ಬರಬೇಕು ಎಂಬುದು ನಿಮಗೆ ಗೊತ್ತಿರುವಷ್ಟು ಕಚೇರಿಯಲ್ಲಿ ಕೂತ ಎಂಜಿನಿಯರಿಗೆ ಗೊತ್ತಿರುವುದಿಲ್ಲ. ಅದನ್ನು ಬರೆದು, ಅಂಗಡಿಯವರದೂ ನಡೆದು ಬರುವವರದೂ ಸಹಿ ಹಾಕಿಸಿ, ಪಾಲಿಕೆಯ ವಾರ್ಡ್ ಕಚೇರಿಗೂ ಸಂಚಾರ ಪೊಲೀಸ್ ಠಾಣೆಗೂ ಒಂದೊಂದು ಪ್ರತಿ ಕೊಡಿ. ಆ ಸಾಲು ಬರುವವರೆಗೆ ದಯವಿಟ್ಟು ಗಾಡಿಯನ್ನು ಸ್ವಲ್ಪ ದೂರವೇ ನಿಲ್ಲಿಸಿ, ಉಳಿದಷ್ಟು ದಾರಿ ನಡೆದು ಬನ್ನಿ.